ಲೂಯಿ ವಿಯೆರ್ನ್: ಹುದ್ದೆ ಸಿಗದ ದೊಡ್ಡ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಪ್ಯಾರಿಸ್‌ನ ಒಬ್ಬ ಆರ್ಗನ್ ವಾದಕರ ಬಗ್ಗೆ ಕೇಳೋಕೆ ಇಷ್ಟು ಜನ ಬಂದಿದ್ದೀರಿ. ತುಂಬಾ ಸಂತೋಷ.

ಲೂಯಿ ವಿಯೆರ್ನ್ ಅವರ ಹೆಸರು ಕೇಳಿದ್ದವರಿಗೆ ಸಾಮಾನ್ಯವಾಗಿ ಗೊತ್ತಿರುವುದು ಅವರ ಸಾವಿನ ಕಥೆ. 1937ರ ಜೂನ್ 2ರ ಸಂಜೆ ನೋಟ್ರ್ ಡಾಮ್ ಕ್ಯಾಥೆಡ್ರಲ್‌ನಲ್ಲಿ ಕಛೇರಿ ಕೊಡುತ್ತಿದ್ದಾಗಲೇ ಅವರು ಆರ್ಗನ್ ಮುಂದೆ ಕುಸಿದುಬಿದ್ದರು. ಕಾಲು ಕೆಳಗಿನ ಪಟ್ಟಿಯ ಮೇಲೆ ಬಿದ್ದು ಒಂದು ಸ್ವರ ಮೊಳಗುತ್ತಲೇ ಇತ್ತು. ಕಥೆ ನಿಜವೇ. ಆದರೆ ಅದನ್ನೇ ಹೇಳಿ ಹೇಳಿ, ಅದರ ಹಿಂದಿದ್ದ ಅರವತ್ತಾರು ವರ್ಷದ ಬದುಕು ಮರೆಗೆ ಸರಿದಿದೆ. ಅದಕ್ಕೇ ಇವತ್ತು ನಾನು ಅವರ ಪಾಠದ ಬಗ್ಗೆ ಜಾಸ್ತಿ ಮಾತಾಡುತ್ತೇನೆ. ನನ್ನ ಪ್ರಕಾರ ವಿಯೆರ್ನ್ ಮೊದಲು ಮೇಷ್ಟ್ರು. ಪ್ಯಾರಿಸ್ ಕನ್ಸರ್ವೇಟರಿ ಅಂದರೆ ಅಲ್ಲಿನ ದೊಡ್ಡ ಸಂಗೀತ ಶಾಲೆ. ಅದರ ಆರ್ಗನ್ ಪ್ರಾಧ್ಯಾಪಕ ಹುದ್ದೆ ಅವರಿಗೆ ಒಮ್ಮೆಯೂ ಸಿಗಲಿಲ್ಲ. ಆದರೂ ಇಪ್ಪತ್ತನೇ ಶತಮಾನದಲ್ಲಿ ಫ್ರೆಂಚ್ ಆರ್ಗನ್ ಸಂಗೀತವನ್ನು ಬೆಳೆಸಿದವರಲ್ಲಿ ಬಹಳ ಜನ ಅವರ ಶಿಷ್ಯರು, ಇಲ್ಲಾಂದ್ರೆ ಶಿಷ್ಯರ ಶಿಷ್ಯರು.

ಮೊದಲು ವಾದ್ಯದ ಬಗ್ಗೆ ಎರಡು ಮಾತು. ನಮಗೆಲ್ಲ ಹಾರ್ಮೋನಿಯಂ ಗೊತ್ತು. ತಿದಿ ಒತ್ತಿದರೆ ಗಾಳಿ, ಮನೆ ಒತ್ತಿದರೆ ಆ ಗಾಳಿ ಒಂದು ಲೋಹದ ರೀಡನ್ನು ನಡುಗಿಸುತ್ತದೆ. ಚರ್ಚಿನ ಆರ್ಗನ್‌ನಲ್ಲಿ ಗಾಳಿ ಹೋಗುವುದು ಕೊಳವೆಗಳಿಗೆ. ಒಂದೊಂದು ಸ್ವರಕ್ಕೂ ಒಂದೊಂದು ಕೊಳವೆ, ಒಂದೊಂದು ನಾದಕ್ಕೂ ಬೇರೆ ಬೇರೆ ಸಾಲು. ಕೊಳಲಿನ ದನಿಗೆ ಒಂದು ಸಾಲು, ಕಹಳೆಯ ದನಿಗೆ ಇನ್ನೊಂದು. ಆ ಸಾಲುಗಳನ್ನು ತೆರೆದು ಮುಚ್ಚುವ ಗುಂಡಿಗಳಿಗೆ ಸ್ಟಾಪ್ ಅನ್ನುತ್ತಾರೆ. 1868ರಲ್ಲಿ ಅರಿಸ್ಟೀಡ್ ಕವಾಯೆ-ಕೋಲ್ ಅವರು ನೋಟ್ರ್ ಡಾಮ್‌ನ ಆರ್ಗನ್ನನ್ನು ಹೊಸದಾಗಿ ಕಟ್ಟಿದಾಗ ಅದರಲ್ಲಿ 86 ಸ್ಟಾಪ್‌ಗಳು, ಕೈಗೆ ಐದು ಕೀಬೋರ್ಡ್‌ಗಳು ಒಂದರ ಮೇಲೊಂದು, ಕೆಳಗೆ ಕಾಲಿಗೆ ಮರದ ಪಟ್ಟಿಗಳ ಇನ್ನೊಂದು ಕೀಬೋರ್ಡ್. ಅತಿ ಕೆಳಗಿನ ಸ್ವರ ಹೊರಡುವುದು 32 ಅಡಿ ಅಳತೆಯ ಕೊಳವೆಯಿಂದ. ಅದು ಕಿವಿಗೆ ಕೇಳುವುದಕ್ಕಿಂತ ಎದೆಗೆ ಗೊತ್ತಾಗುವುದೇ ಜಾಸ್ತಿ. ಎರಡು ಕೈ, ಎರಡು ಕಾಲು ಒಟ್ಟಿಗೆ ಕೆಲಸ ಮಾಡಬೇಕು. ಜೊತೆಗೆ ಯಾವ ಸ್ಟಾಪ್ ಯಾವಾಗ ಎಳೆಯಬೇಕು ಅನ್ನುವ ಲೆಕ್ಕವೂ ತಲೆಯಲ್ಲಿರಬೇಕು.

ಇದನ್ನು ಮೂವತ್ತೇಳು ವರ್ಷ ನುಡಿಸಿದವರಿಗೆ ಕಣ್ಣು ಹೆಚ್ಚುಕಡಿಮೆ ಕಾಣುತ್ತಿರಲಿಲ್ಲ.

ವಿಯೆರ್ನ್ ಹುಟ್ಟಿದ್ದು 1870ರ ಅಕ್ಟೋಬರ್ 8ರಂದು, ಪೊವಾತಿಯೆ ಊರಿನಲ್ಲಿ. ತಂದೆ ಪತ್ರಕರ್ತರು. ಹುಟ್ಟುವಾಗಲೇ ಮಗುವಿಗೆ ಎರಡೂ ಕಣ್ಣಲ್ಲಿ ಪೊರೆ. ಆರನೇ ವಯಸ್ಸಿನಲ್ಲಿ ಆದ ಶಸ್ತ್ರಚಿಕಿತ್ಸೆಯಿಂದ ಸ್ವಲ್ಪ ಬೆಳಕು ಬಂತು. ಎದುರಿಗೆ ಬಂದವರ ಆಕಾರ ಗೊತ್ತಾಗುತ್ತಿತ್ತು, ದೊಡ್ಡ ಅಕ್ಷರವನ್ನು ಹತ್ತಿರ ಹಿಡಿದರೆ ಓದಬಹುದಿತ್ತು. ಅಷ್ಟೇ. ಮನೆಯವರು ಹುಡುಗನನ್ನು ಪ್ಯಾರಿಸ್‌ನ ಅಂಧ ಮಕ್ಕಳ ರಾಷ್ಟ್ರೀಯ ಶಾಲೆಗೆ ಸೇರಿಸಿದರು.

ಈ ಶಾಲೆಯ ಬಗ್ಗೆ ಹೇಳದೆ ಮುಂದಕ್ಕೆ ಹೋಗುವ ಹಾಗಿಲ್ಲ. ಲೂಯಿ ಬ್ರೈಲ್ ಕಲಿತದ್ದು, ಕಲಿಸಿದ್ದು ಇದೇ ಸಂಸ್ಥೆಯಲ್ಲಿ. ಬ್ರೈಲ್ ಕೂಡ ಪ್ಯಾರಿಸ್‌ನ ಚರ್ಚುಗಳಲ್ಲಿ ಆರ್ಗನ್ ನುಡಿಸುತ್ತಿದ್ದವರು. 1829ರಲ್ಲಿ ಅವರು ಪ್ರಕಟಿಸಿದ ಲಿಪಿಯಲ್ಲಿ ಸಂಗೀತ ಬರೆಯುವ ಕ್ರಮವೂ ಸೇರಿತ್ತು. ನಮ್ಮ ಮಕ್ಕಳು ಇವತ್ತು ಓದುವ ಕನ್ನಡ ಬ್ರೈಲ್ ನಿಂತಿರುವುದೂ ಅದೇ ಆರು ಚುಕ್ಕಿಗಳ ಮೇಲೆ. ಸಂಗೀತದ ಬ್ರೈಲ್‌ನಲ್ಲಿ ಮೇಲಿನ ನಾಲ್ಕು ಚುಕ್ಕಿಗಳು ಯಾವ ಸ್ವರ ಅಂತ ಹೇಳುತ್ತವೆ, ಕೆಳಗಿನ ಎರಡು ಚುಕ್ಕಿಗಳು ಅದು ಎಷ್ಟು ಹೊತ್ತು ನಿಲ್ಲಬೇಕು ಅಂತ ಹೇಳುತ್ತವೆ. ಬಲಗೈಯದ್ದು ಒಂದು ಕಡೆ, ಎಡಗೈಯದ್ದು ಒಂದು ಕಡೆ, ಕಾಲಿನದ್ದು ಇನ್ನೊಂದು ಕಡೆ ಬರೆದಿರುತ್ತದೆ. ಈಗ ಸ್ವಲ್ಪ ಯೋಚನೆ ಮಾಡಿ. ಓದಬೇಕಾದದ್ದೂ ಬೆರಳು, ನುಡಿಸಬೇಕಾದದ್ದೂ ಬೆರಳು. ಪುಸ್ತಕ ಎದುರಿಗಿಟ್ಟುಕೊಂಡು ನುಡಿಸುವ ಮಾತೇ ಇಲ್ಲ. ಎಡಗೈಯಲ್ಲಿ ಓದುತ್ತಾ ಬಲಗೈಯದ್ದನ್ನು ಕಲಿಯಬೇಕು, ಆಮೇಲೆ ಕೈ ಬದಲಾಯಿಸಬೇಕು, ಆಮೇಲೆ ಕಾಲಿನದ್ದು, ಕೊನೆಗೆ ಮೂರನ್ನೂ ತಲೆಯಲ್ಲಿ ಒಟ್ಟುಗೂಡಿಸಬೇಕು. ಬಾಯಿಪಾಠ ಆಗದೆ ಒಂದು ಸಾಲೂ ಕೈಗೆ ಬರುವುದಿಲ್ಲ. ಕಣ್ಣಿದ್ದವರು ನೋಡಿಕೊಂಡು ದಾಟಿಹೋಗುವ ಒಳಗಿನ ಸ್ವರಗಳನ್ನೆಲ್ಲ ಈ ಮಕ್ಕಳು ಒಂದೊಂದಾಗಿ ತಲೆಗೆ ಹಾಕಿಕೊಳ್ಳಲೇಬೇಕು. ಆ ಶಾಲೆಯಿಂದ ಇಷ್ಟೊಂದು ಒಳ್ಳೆಯ ಆರ್ಗನ್ ವಾದಕರು ಬಂದದ್ದು ಯಾಕೆ ಅನ್ನುವುದಕ್ಕೆ ನನಗೆ ಸಿಕ್ಕ ಉತ್ತರ ಇದೇ.

ಹತ್ತರ ಆಸುಪಾಸಿನ ವಯಸ್ಸಿನಲ್ಲಿ ಹುಡುಗ ಸೇಂಟ್ ಕ್ಲೊಟಿಲ್ಡ್ ಚರ್ಚಿನಲ್ಲಿ ಅಲ್ಲಿನ ಆರ್ಗನ್ ವಾದಕ, ಸಂಗೀತ ರಚನಕಾರ ಸೇಸರ್ ಫ್ರಾಂಕ್ ನುಡಿಸುವುದನ್ನು ಕೇಳಿದ. ಅಲ್ಲಿಂದ ಮುಂದೆ ಅವನಿಗೆ ಬೇರೆ ದಾರಿ ಕಾಣಲಿಲ್ಲ. ಅಂಧರ ಶಾಲೆಯ ಸಂಗೀತ ಪರೀಕ್ಷೆಗೆ ಬರುತ್ತಿದ್ದ ಫ್ರಾಂಕ್ ಅವರ ಗಮನಕ್ಕೂ ಈ ಹುಡುಗ ಬಿದ್ದ. ಅವರೇ ಪಾಠ ಹೇಳಿದರು. 1890ರಲ್ಲಿ ವಿಯೆರ್ನ್ ಕನ್ಸರ್ವೇಟರಿಯಲ್ಲಿ ಫ್ರಾಂಕ್ ತರಗತಿಗೆ ಸೇರಿದರು. ಸೇರಿದ ಸ್ವಲ್ಪ ದಿನಕ್ಕೇ, ಅದೇ ನವೆಂಬರ್‌ನಲ್ಲಿ, ಫ್ರಾಂಕ್ ತೀರಿಕೊಂಡರು.

ಅವರ ಜಾಗಕ್ಕೆ ಬಂದವರು ಶಾರ್ಲ್-ಮರಿ ವಿದೋರ್, ಸೇಂಟ್ ಸುಲ್ಪೀಸ್ ಚರ್ಚಿನ ಆರ್ಗನ್ ವಾದಕರು. ಕಥೆ ನಿಜವಾಗಿ ಶುರುವಾಗುವುದು ಇಲ್ಲಿಂದ. ಫ್ರಾಂಕ್ ತರಗತಿಯಲ್ಲಿ ಹೆಚ್ಚಿನ ಹೊತ್ತು ಹೋಗುತ್ತಿದ್ದದ್ದು ಮನೋಧರ್ಮಕ್ಕೆ. ಒಂದು ಎಳೆ ಕೊಡುತ್ತಿದ್ದರು, ವಿದ್ಯಾರ್ಥಿ ಅಲ್ಲೇ ಕೂತು ಅದನ್ನು ಬೆಳೆಸಬೇಕಿತ್ತು. ವಿದೋರ್ ಬಂದು ಮೊದಲು ಕೈ ಕಾಲು ನೆಟ್ಟಗೆ ಮಾಡಿಕೊಳ್ಳಿ ಎಂದರು. ಬ್ರಸೆಲ್ಸ್‌ನಲ್ಲಿ ಆರ್ಗನ್ ಮೇಷ್ಟ್ರು ಲೆಮ್ಮೆನ್ಸ್ ಅವರ ಹತ್ತಿರ ಕಲಿತವರು ಅವರು. ಬೆಂಚಿನ ನಡುವೆ ಅಲುಗಾಡದೆ ಕೂರಬೇಕು. ಒಂದು ಸ್ವರ ಎಲ್ಲಿ ಮುಗಿಯುತ್ತದೆ ಅನ್ನುವುದು ಎಲ್ಲಿ ಶುರುವಾಗುತ್ತದೆ ಅನ್ನುವಷ್ಟೇ ಖಚಿತವಾಗಿರಬೇಕು. ಒಂದೇ ಸ್ವರ ಎರಡು ಸಲ ಬಂದರೆ ನಡುವೆ ಬಿಡುವ ಸಂದಿಗೂ ಅಳತೆ ಇರಬೇಕು. ಆಮೇಲೆ ಜರ್ಮನಿಯ ಹಳೆಯ ಸಂಗೀತ ರಚನಕಾರ ಬಾಕ್ ಅವರ ಕೃತಿಗಳು, ಮತ್ತೆ ಬಾಕ್. ಆರ್ಗನ್‌ನಲ್ಲಿ ಮನೆಯನ್ನು ಮೆಲ್ಲಗೆ ಒತ್ತಿದರೂ ಗಟ್ಟಿಯಾಗಿ ಒತ್ತಿದರೂ ದನಿ ಒಂದೇ. ಪಿಯಾನೋದ ಹಾಗೆ ಬೆರಳಿನ ಭಾರದಿಂದ ಭಾವ ತರಲು ಆಗುವುದಿಲ್ಲ. ಸ್ವರ ಎಷ್ಟು ಹೊತ್ತು ನಿಂತಿತು, ಯಾವಾಗ ಬಿಟ್ಟಿತು ಅನ್ನುವುದರಲ್ಲೇ ಎಲ್ಲ ಇರುವುದು. ವಿದೋರ್ ಅವರ ಹಟಕ್ಕೆ ಕಾರಣ ಅದು.

ಫ್ರಾಂಕ್ ಅವರನ್ನು ತಂದೆಯ ಹಾಗೆ ಕಂಡಿದ್ದ ವಿದ್ಯಾರ್ಥಿಗಳಿಗೆ ಇದು ಸುಲಭವಾಗಿ ಒಗ್ಗಲಿಲ್ಲ. ವಿಯೆರ್ನ್ ಎರಡೂ ಕಡೆಯದನ್ನು ತಮ್ಮೊಳಗೆ ಇಳಿಸಿಕೊಂಡರು. ಫ್ರಾಂಕ್ ಅವರಿಂದ ಕಲ್ಪನೆ, ವಿದೋರ್ ಅವರಿಂದ ಶಿಸ್ತು. 1892ರಲ್ಲಿ ಸೇಂಟ್ ಸುಲ್ಪೀಸ್‌ನಲ್ಲಿ ವಿದೋರ್ ಅವರ ಸಹಾಯಕರಾದರು. 1894ರಲ್ಲಿ ಆರ್ಗನ್‌ನಲ್ಲಿ ಪ್ರಥಮ ಬಹುಮಾನ ಬಂತು. ಅದೇ ವರ್ಷ ಕನ್ಸರ್ವೇಟರಿಯಲ್ಲಿ ವಿದೋರ್ ಅವರ ತರಗತಿಗೆ ಸಹಾಯಕ ಮೇಷ್ಟ್ರು. 1896ರಲ್ಲಿ ವಿದೋರ್ ಸಂಗೀತ ರಚನೆಯ ವಿಭಾಗಕ್ಕೆ ಹೋದರು, ಅವರ ಜಾಗಕ್ಕೆ ಅಲೆಕ್ಸಾಂಡರ್ ಗಿಲ್ಮಾಂ ಬಂದರು. ವಿಯೆರ್ನ್ ಸಹಾಯಕರಾಗಿಯೇ ಮುಂದುವರಿದರು. 1911ರ ತನಕ, ಹದಿನೇಳು ವರ್ಷ.

ಈ ತರಗತಿಯಲ್ಲಿ ಕಲಿತವರಲ್ಲಿ ಒಬ್ಬರು ನಾದಿಯಾ ಬುಲಾಂಜೆ. ಆಮೇಲೆ ಅವರೇ ಜಗತ್ತಿನ ದೊಡ್ಡ ಸಂಗೀತ ಶಿಕ್ಷಕಿಯಾದರು. ಅಮೆರಿಕದ ಆರನ್ ಕೋಪ್‌ಲ್ಯಾಂಡ್, ಫಿಲಿಪ್ ಗ್ಲಾಸ್ ಇಬ್ಬರೂ ಅವರ ಹತ್ತಿರ ಕಲಿತವರು. ಗ್ಲಾಸ್ 1960ರ ದಶಕದಲ್ಲಿ ಬುಲಾಂಜೆ ಹತ್ತಿರ ಪಾಠಕ್ಕೆ ಹೋಗುತ್ತಿದ್ದ ದಿನಗಳಲ್ಲೇ ಪ್ಯಾರಿಸ್‌ನಲ್ಲಿ ಪಂಡಿತ್ ರವಿಶಂಕರ್ ಜೊತೆ ಕೆಲಸ ಮಾಡಿದರು. ಒಂದು ಪಾಠದ ಕೋಣೆಯಿಂದ ಹೊರಟ ದಾರಿ ಎಲ್ಲೆಲ್ಲಿಗೆ ಹೋಗುತ್ತದೆ, ನೋಡಿ. ಇನ್ನೊಬ್ಬ ಶಿಷ್ಯರು ಮಾರ್ಸೆಲ್ ಡ್ಯುಪ್ರೆ. ಅವರ ಬಗ್ಗೆ ಆಮೇಲೆ ಹೇಳುತ್ತೇನೆ.

ನೋಟ್ರ್ ಡಾಮ್‌ನ ಹುದ್ದೆ ಬಂದದ್ದು 1900ರ ಮೇ 21ರಂದು. ಹಿಂದಿನ ವಾದಕರು ತೀರಿಕೊಂಡಿದ್ದರು, ಆಯ್ಕೆಗೆ ಸ್ಪರ್ಧೆ ನಡೆಯಿತು. ವಿಯೆರ್ನ್ ಅವರಿಗೆ ಆಗ ಇಪ್ಪತ್ತೊಂಬತ್ತು ವರ್ಷ.

ಕ್ಯಾಥೆಡ್ರಲ್‌ನ ಆರ್ಗನ್ ವಾದಕರ ಕೆಲಸ ಏನು ಅಂತ ಹಲವರು ಕೇಳುತ್ತಾರೆ. ಕಛೇರಿ ಕೊಡುವುದು ಅದರಲ್ಲಿ ಸಣ್ಣ ಪಾಲು. ನಿಜವಾದ ಕೆಲಸ ಪೂಜೆಯ ಜೊತೆ ನಡೆಯುವುದು. ಮೆರವಣಿಗೆ ಒಳಗೆ ಬರುವಾಗ ನುಡಿಸಬೇಕು. ಅದು ಬಲಿಪೀಠ ತಲುಪಿದ ತಕ್ಷಣ ಸಂಗೀತವೂ ಮುಗಿಯಬೇಕು, ಅದೂ ಕತ್ತರಿಸಿದ ಹಾಗಲ್ಲ, ತಾನಾಗಿ ಮುಗಿದ ಹಾಗೆ. ಪಾದ್ರಿಗಳು ಧೂಪ ಹಾಕುವುದು ಎರಡು ನಿಮಿಷ ತಡವಾದರೆ ಎರಡು ನಿಮಿಷ ಹಿಗ್ಗಿಸಬೇಕು. ಗಾಯಕರು ಒಂದು ಸಾಲು ಹಾಡಿದರೆ ಮುಂದಿನ ಸಾಲಿಗೆ ಆರ್ಗನ್ ಉತ್ತರ ಕೊಡಬೇಕು, ಆ ದಿನದ ಸ್ತೋತ್ರದ ಧಾಟಿಯಲ್ಲೇ. ಬರೆದಿಟ್ಟ ಸಂಗೀತದಿಂದ ಇದು ಆಗುವುದಿಲ್ಲ. ಫ್ರಾನ್ಸ್‌ನಲ್ಲಿ ಆರ್ಗನ್ ಪರೀಕ್ಷೆ ಅಂದರೆ ಕೊಟ್ಟ ಎಳೆಯ ಮೇಲೆ ಅಲ್ಲೇ ಫ್ಯೂಗ್, ಅಂದರೆ ಒಂದೇ ಎಳೆಯನ್ನು ಹಲವು ದನಿಗಳು ಒಂದರ ಹಿಂದೊಂದು ಹಿಡಿದು ಹೆಣೆಯುವ ರಚನೆ, ಕಟ್ಟಿ ನುಡಿಸುವುದೂ ಸೇರಿರುತ್ತಿದ್ದದ್ದು ಈ ಕಾರಣಕ್ಕೆ. ಇದರ ಮೇಲೆ ಆ ಕಟ್ಟಡದ ಪ್ರತಿಧ್ವನಿ. ಸ್ವರ ಬಿಟ್ಟ ಮೇಲೂ ಸುಮಾರು ಆರು ಸೆಕೆಂಡು ಅದು ಒಳಗೇ ತಿರುಗಾಡುತ್ತದೆ. ಬೇಗ ಬೇಗ ನುಡಿಸಿದರೆ ಕೆಳಗಿದ್ದವರಿಗೆ ಬರೀ ಗದ್ದಲ ಕೇಳುತ್ತದೆ. ಎಲ್ಲಿ ತಡೆಯಬೇಕು ಅನ್ನುವುದನ್ನು ಆ ಕಟ್ಟಡವೇ ಕಲಿಸುತ್ತದೆ.

ವಿಯೆರ್ನ್ ಅವರ ರಚನೆಗಳಲ್ಲೂ ಆ ಕಟ್ಟಡ ಕೇಳಿಸುತ್ತದೆ. ಒಟ್ಟು ಆರು ಆರ್ಗನ್ ಸಿಂಫನಿ, ಅಂದರೆ ಹಲವು ಭಾಗಗಳ ದೊಡ್ಡ ರಚನೆಗಳನ್ನು, ಬರೆದರು. ಮೊದಲನೆಯದು ನೋಟ್ರ್ ಡಾಮ್‌ಗೆ ಸೇರುವ ಮೊದಲು ಬರೆದದ್ದು, ಕೊನೆಯದು 1930ರಲ್ಲಿ. ಎರಡನೆಯದನ್ನು ಕೇಳಿ ಹೆಸರಾಂತ ಫ್ರೆಂಚ್ ಸಂಗೀತ ರಚನಕಾರ ಡೆಬ್ಯುಸ್ಸಿ 1903ರಲ್ಲಿ ಪತ್ರಿಕೆಯಲ್ಲಿ ಮೆಚ್ಚಿ ಬರೆದರು. ಡೆಬ್ಯುಸ್ಸಿ ಸುಮ್ನೆ ಹೊಗಳುವ ಪೈಕಿ ಅಲ್ಲ.

ಇನ್ನು ಕಷ್ಟಗಳ ವಿಷಯ. ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಅವರ ಬಗ್ಗೆ ಬರೆಯುವವರು ಇದರಲ್ಲೇ ಮುಳುಗಿಬಿಡುತ್ತಾರೆ. 1906ರಲ್ಲಿ ಪ್ಯಾರಿಸ್ ಬೀದಿಯಲ್ಲಿ ಅಗೆದಿದ್ದ ಗುಂಡಿಗೆ ಬಿದ್ದು ಕಾಲು ಮುರಿಯಿತು. ಕಾಲನ್ನೇ ತೆಗೆಯಬೇಕಾಗುತ್ತದೆ ಅನ್ನುವ ಹಂತಕ್ಕೆ ಹೋಗಿತ್ತು. ಉಳಿಯಿತು, ಆದರೆ ಕಾಲಿನ ಪಟ್ಟಿ ನುಡಿಸುವುದನ್ನು ಮೊದಲಿಂದ ಕಲಿಯಬೇಕಾಯಿತು. 1909ರಲ್ಲಿ ಮದುವೆ ಮುರಿದುಬಿತ್ತು. 1913ರಲ್ಲಿ ಕಿರಿಯ ಮಗ ಕ್ಷಯದಿಂದ ತೀರಿಕೊಂಡ. 1917ರಲ್ಲಿ ಇನ್ನೊಬ್ಬ ಮಗ ಜಾಕ್, 1918ರಲ್ಲಿ ತಮ್ಮ ರೆನೆ, ಇಬ್ಬರನ್ನೂ ಮಹಾಯುದ್ಧ ನುಂಗಿತು. ರೆನೆ ಕೂಡ ಆರ್ಗನ್ ವಾದಕರೇ. ಮಗ ಜಾಕ್ ನೆನಪಿಗೆ ವಿಯೆರ್ನ್ ಬರೆದ ಪಿಯಾನೋ ಕ್ವಿಂಟೆಟ್ ಇದೆ, ಪಿಯಾನೋ ಜೊತೆ ನಾಲ್ಕು ತಂತಿ ವಾದ್ಯಗಳಿಗೆ. ಅದನ್ನು ಕೇಳಿದವರಿಗೆ ನಾನು ಬೇರೆ ಏನೂ ವಿವರಿಸಬೇಕಾಗಿಲ್ಲ.

ಮೇಷ್ಟ್ರಾಗಿ ಅವರಿಗೆ ಬಿದ್ದ ಪೆಟ್ಟು 1911ರದ್ದು. ಆ ಮಾರ್ಚ್‌ನಲ್ಲಿ ಕೆಲವೇ ದಿನಗಳ ಅಂತರದಲ್ಲಿ ತಾಯಿಯೂ ಹೋದರು, ಗಿಲ್ಮಾಂ ಕೂಡ ಹೋದರು. ಪ್ರಾಧ್ಯಾಪಕರ ಜಾಗ ಖಾಲಿಯಾಯಿತು. ಹದಿನೇಳು ವರ್ಷ ಆ ತರಗತಿಯನ್ನು ಹೊತ್ತವರು ವಿಯೆರ್ನ್. ಆದರೆ ಕನ್ಸರ್ವೇಟರಿಯ ನಿರ್ದೇಶಕರಾಗಿದ್ದ ಗೇಬ್ರಿಯಲ್ ಫೋರೆ ಅವರ ಕಾಲದಲ್ಲಿ ಹುದ್ದೆ ಹೋದದ್ದು ಯೂಜೀನ್ ಜಿಗೂ ಅವರಿಗೆ. ಫೋರೆ, ಜಿಗೂ ಇಬ್ಬರೂ ನೀಡೆರ್ಮೇಯರ್ ಶಾಲೆಯಲ್ಲಿ ಕಲಿತ ಹಳೆಯ ಗೆಳೆಯರು. ಜಿಗೂ ದೊಡ್ಡ ವಾದಕರೇ, ಅದರಲ್ಲಿ ಎರಡು ಮಾತಿಲ್ಲ. ಆದರೂ ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ವಿಯೆರ್ನ್ ಕನ್ಸರ್ವೇಟರಿ ಬಿಟ್ಟು ಸ್ಕೋಲಾ ಕಾಂಟೋರಮ್ ಎಂಬ ಇನ್ನೊಂದು ಶಾಲೆಯಲ್ಲಿ ಪಾಠ ಹೇಳಲು ಹೋದರು. ಆ ಬೇಸಿಗೆಯಲ್ಲಿ ಡ್ಯುಪ್ರೆ ಮನೆಯವರ ಜೊತೆ ಸಮುದ್ರದ ದಡದ ಊರಿನಲ್ಲಿದ್ದು ಮೂರನೇ ಸಿಂಫನಿ ಬರೆದರು. ಅದನ್ನು ಶಿಷ್ಯ ಡ್ಯುಪ್ರೆ ಅವರಿಗೇ ಅರ್ಪಿಸಿದರು. ಆರರಲ್ಲಿ ನನಗೆ ಹೆಚ್ಚು ಇಷ್ಟ ಇದೇ. ಎಲ್ಲೂ ಒಂದು ಸ್ವರ ಜಾಸ್ತಿ ಅನಿಸುವುದಿಲ್ಲ.

ಡ್ಯುಪ್ರೆ ಜೊತೆಗಿನ ಸಂಬಂಧ ಆಮೇಲೆ ಕೆಟ್ಟಿತು. ಕಣ್ಣಿನ ಚಿಕಿತ್ಸೆಗೆ ವಿಯೆರ್ನ್ 1916ರಲ್ಲಿ ಸ್ವಿಟ್ಜರ್ಲೆಂಡಿಗೆ ಹೋದರು. ಕೆಲವು ತಿಂಗಳು ಅಂದುಕೊಂಡದ್ದು ನಾಲ್ಕು ವರ್ಷವಾಯಿತು. ಆ ಹೊತ್ತಿನಲ್ಲಿ ನೋಟ್ರ್ ಡಾಮ್‌ನಲ್ಲಿ ಅವರ ಬದಲಿಗೆ ನುಡಿಸಿದವರು ಡ್ಯುಪ್ರೆ. 1920ರಲ್ಲಿ ಡ್ಯುಪ್ರೆ ಬಾಕ್ ಅವರ ಎಲ್ಲ ಆರ್ಗನ್ ಕೃತಿಗಳನ್ನೂ ಹತ್ತು ಕಛೇರಿಗಳಲ್ಲಿ ನೋಡದೆ ನುಡಿಸಿ ಹೆಸರಾದರು. ವಿದೇಶ ಪ್ರವಾಸಗಳಲ್ಲಿ ಅವರನ್ನು ನೋಟ್ರ್ ಡಾಮ್‌ನ ಆರ್ಗನ್ ವಾದಕರು ಎಂದು ಕರೆಯತೊಡಗಿದರು. ವಿಯೆರ್ನ್ ಅವರಿಗೆ ಅದು ತುಂಬಾ ನೋವು ಕೊಟ್ಟಿತು. ಎಲ್ಲ ಕಳೆದುಕೊಂಡು ಊರಿಗೆ ಮರಳಿದವರ ಹತ್ತಿರ ಉಳಿದದ್ದು ಆ ಒಂದು ಹೆಸರು, ಅಲ್ವಾ? ಯಾರದು ಎಷ್ಟು ತಪ್ಪು ಅಂತ ತೂಗಲು ನಾನು ಹೋಗುವುದಿಲ್ಲ. 1926ರಲ್ಲಿ ಜಿಗೂ ನಂತರ ಕನ್ಸರ್ವೇಟರಿಯ ಹುದ್ದೆ ಸಿಕ್ಕಿದ್ದು ಡ್ಯುಪ್ರೆ ಅವರಿಗೆ. ಅಲ್ಲಿ ಅವರ ಹತ್ತಿರ ಕಲಿತವರು ಒಲಿವಿಯೆ ಮೆಸ್ಸಿಯಾನ್, ಜಾನ್ ದೆಮೆಸ್ಸ್ಯೂ, ಅಂಧರ ಅದೇ ಶಾಲೆಯಿಂದ ಬಂದ ಜಾನ್ ಲಾಂಗ್ಲೆ. ಮೇಷ್ಟ್ರು ಶಿಷ್ಯರ ನಡುವೆ ಮಾತು ನಿಂತಿತ್ತು, ಪಾಠ ನಿಲ್ಲಲಿಲ್ಲ.

ಪ್ಯಾರಿಸ್‌ಗೆ ಮರಳಿದ ಮೇಲೆ ವಿಯೆರ್ನ್ ಮತ್ತೆ ಪಾಠ ಶುರು ಮಾಡಿದರು. ನೋಟ್ರ್ ಡಾಮ್‌ನ ಆರ್ಗನ್ ಸ್ಥಿತಿ ಅಷ್ಟರಲ್ಲಿ ಹದಗೆಟ್ಟಿತ್ತು. ಅದರ ದುರಸ್ತಿಗೆ ದುಡ್ಡು ಕೂಡಿಸಲು 1927ರಲ್ಲಿ ಅಮೆರಿಕ ಪ್ರವಾಸ ಮಾಡಿದರು. ಫಿಲಡೆಲ್ಫಿಯಾದ ವಾನಮೇಕರ್ ಅಂಗಡಿಯೊಳಗಿನ ದೊಡ್ಡ ಆರ್ಗನ್ ಮೇಲೂ ನುಡಿಸಿದರು. ದುರಸ್ತಿ ಮುಗಿದು 1932ರ ಜೂನ್‌ನಲ್ಲಿ ಆರ್ಗನ್ ಮತ್ತೆ ಮೊಳಗಿದಾಗ, ವಯಸ್ಸಾದ ವಿದೋರ್ ಕೂಡ ಬಂದು ನುಡಿಸಿದರು.

ಆ ವರ್ಷಗಳ ಶಿಷ್ಯ ಮೋರಿಸ್ ಡ್ಯುರುಫ್ಲೆ. 1902ರಲ್ಲಿ ಹುಟ್ಟಿದವರು, ತುಂಬಾ ಸಂಕೋಚದ ಮನುಷ್ಯ, ಬರೆದದ್ದು ಬಹಳ ಕಡಿಮೆ. 1927ರಿಂದ ನೋಟ್ರ್ ಡಾಮ್‌ನಲ್ಲಿ ವಿಯೆರ್ನ್ ಅವರ ಬದಲಿಗೆ ನುಡಿಸತೊಡಗಿದರು. 1937ರ ಆ ಸಂಜೆ ಆರ್ಗನ್ ಬಳಿ ಮೇಷ್ಟ್ರ ಪಕ್ಕದಲ್ಲಿ ನಿಂತಿದ್ದವರು ಇವರೇ. ವಿಯೆರ್ನ್ ಅವತ್ತು ತಮ್ಮ ಟ್ರಿಪ್ಟಿಕ್ ಎಂಬ ಮೂರು ಭಾಗದ ರಚನೆಯ ಕೊನೆಯ ಭಾಗ ನುಡಿಸಿದರು, ಅದು ತೀರಿಹೋದ ಒಂದು ಮಗುವಿನ ನೆನಪಿಗೆ ಬರೆದದ್ದು. ಮುಂದೆ ಮನೋಧರ್ಮದ ಸರದಿ. ಎಳೆಯನ್ನು ಬ್ರೈಲ್‌ನಲ್ಲಿ ಬರೆದು ಕೈಗೆ ಕೊಟ್ಟರು. ಬೆರಳಲ್ಲಿ ಓದಿ, ಸ್ಟಾಪ್ ಆರಿಸುತ್ತಿದ್ದ ಹಾಗೆಯೇ ಕುಸಿದರು. ತಮ್ಮ ನಂತರ ಡ್ಯುರುಫ್ಲೆ ಬರಲಿ ಅನ್ನುವುದು ವಿಯೆರ್ನ್ ಆಸೆಯಾಗಿತ್ತು. ಕ್ಯಾಥೆಡ್ರಲ್‌ನವರು ಆರಿಸಿದ್ದು ಇನ್ನೊಬ್ಬ ಸಹಾಯಕ ಲಿಯೋನ್ಸ್ ದ ಸ್ಯಾಂ-ಮಾರ್ಟ್ಯಾಂ ಅವರನ್ನು.

ಡ್ಯುರುಫ್ಲೆ ಮಾಡಿದ ಒಂದು ಕೆಲಸದ ಬಗ್ಗೆ ಹೇಳಲೇಬೇಕು. 1928ರಲ್ಲಿ ಒಂದು ಗ್ರಾಮಫೋನ್ ಕಂಪನಿ ನೋಟ್ರ್ ಡಾಮ್‌ಗೆ ಯಂತ್ರ ತಂದು ವಿಯೆರ್ನ್ ಅವರ ವಾದನ ಮುದ್ರಿಸಿಕೊಂಡಿತ್ತು. ಅದರಲ್ಲಿ ಮೂರು ತುಣುಕು ಅಲ್ಲೇ ಕಟ್ಟಿ ನುಡಿಸಿದ್ದು. ತಟ್ಟೆಯ ಒಂದು ಬದಿಗೆ ಕೆಲವೇ ನಿಮಿಷ. ಅಷ್ಟರಲ್ಲಿ ಶುರು, ಬೆಳವಣಿಗೆ, ಮುಕ್ತಾಯ ಎಲ್ಲ ಆಗಬೇಕು. ಮೇಷ್ಟ್ರು ಹೋದ ಎಷ್ಟೋ ವರ್ಷಗಳ ಮೇಲೆ ಡ್ಯುರುಫ್ಲೆ ಆ ತಟ್ಟೆಗಳನ್ನು ಕೇಳಿ ಕೇಳಿ ಒಂದೊಂದು ಸ್ವರವನ್ನೂ ಬರೆದಿಟ್ಟರು. 1954ರಲ್ಲಿ ಅದು ಅಚ್ಚಾಯಿತು. ಗರಗರ ಸದ್ದಿನ ಹಳೆಯ ತಟ್ಟೆ, ಅದರೊಳಗೆ ಕ್ಯಾಥೆಡ್ರಲ್‌ನ ಪ್ರತಿಧ್ವನಿ, ಅದರೊಳಗೆ ನಾಲ್ಕೈದು ದನಿಗಳು ಒಟ್ಟಿಗೆ. ಅದನ್ನು ಬಿಡಿಸಿ ಬರೆಯುವುದಕ್ಕೆ ಕಿವಿ ಮಾತ್ರ ಸಾಲದು, ಮೇಷ್ಟ್ರ ಕೈ ಮುಂದೆ ಎಲ್ಲಿಗೆ ಹೋಗುತ್ತದೆ ಅಂತ ಒಳಗಿಂದಲೇ ಗೊತ್ತಿರಬೇಕು. ಇವತ್ತು ವಿದ್ಯಾರ್ಥಿಗಳು ಆ ಮೂರು ತುಣುಕುಗಳನ್ನು ಬರೆದ ಕೃತಿಗಳ ಹಾಗೆಯೇ ಕಲಿಯುತ್ತಾರೆ.

ನೋಟ್ರ್ ಡಾಮ್‌ನಲ್ಲಿ ಮುಂದೆಯೂ ಇದು ಸಾಗಿತು. 1955ರಿಂದ ಡ್ಯುಪ್ರೆ ಶಿಷ್ಯ ಪಿಯೆರ್ ಕೊಶೆರೋ ಇದ್ದರು. 1985ರ ನಂತರ ಒಬ್ಬರ ಬದಲು ಹಲವರು ಸೇರಿ ನುಡಿಸುವ ಪದ್ಧತಿ ಬಂತು. ಆಗ ಬಂದವರಲ್ಲಿ ಜಾನ್-ಪಿಯೆರ್ ಲೆಗೇ ಅವರಿಗೂ ಕಣ್ಣು ಕಾಣದು. 2019ರ ಏಪ್ರಿಲ್ 15ರ ಬೆಂಕಿಯನ್ನು ನೀವೆಲ್ಲ ಟೀವಿಯಲ್ಲಿ ನೋಡಿದ್ದೀರಿ. ಛಾವಣಿ ಸುಟ್ಟರೂ ಆರ್ಗನ್ ಸುಡಲಿಲ್ಲ. ಸೀಸದ ಧೂಳು ತುಂಬಿತ್ತು. ಸುಮಾರು 8,000 ಕೊಳವೆಗಳನ್ನು ಬಿಚ್ಚಿ, ತೊಳೆದು, ಮತ್ತೆ ಜೋಡಿಸಿ ಶ್ರುತಿ ಮಾಡಿದರು. 2024ರ ಡಿಸೆಂಬರ್‌ನಲ್ಲಿ ಕ್ಯಾಥೆಡ್ರಲ್ ಮತ್ತೆ ತೆರೆದಾಗ ವಾದಕರು ನುಡಿಸಿದ್ದು ಮನೋಧರ್ಮದಲ್ಲೇ.

ಕೊನೆಗೆ, ಎಲ್ಲಿಂದ ಕೇಳಲು ಶುರು ಮಾಡಬೇಕು ಅಂತ ನೀವು ಕೇಳುತ್ತೀರಿ ಅಂತ ಗೊತ್ತು. ಸಿಂಫನಿಯಿಂದ ಬೇಡ. 1913ರಲ್ಲಿ ಅವರು 24 ಸಣ್ಣ ರಚನೆಗಳ ಒಂದು ಸಂಗ್ರಹ ಮಾಡಿದರು, ಊರಿನ ಸಣ್ಣ ಚರ್ಚುಗಳಲ್ಲೂ ನುಡಿಸಲಿ ಎಂದು ಆರ್ಗನ್‌ಗೂ ಆಗುವ ಹಾಗೆ, ಹಾರ್ಮೋನಿಯಂಗೂ ಆಗುವ ಹಾಗೆ. ಅಲ್ಲಿನದು ಕಾಲಲ್ಲಿ ತುಳಿಯುವ ಹಾರ್ಮೋನಿಯಂ. ನಮ್ಮ ಕಂಪನಿ ನಾಟಕದ ಲೆಗ್ ಹಾರ್ಮೋನಿಯಂ ಅದರ ವಂಶದ್ದೇ. ಆ ಸಂಗ್ರಹದಲ್ಲಿ ಮಗಳು ಕೊಲೆಟ್‌ಗೆ ಅರ್ಪಿಸಿದ ಒಂದು ಜೋಗುಳ ಇದೆ, 'ಬೆರ್ಸ್ಯೂಸ್' ಅಂತ ಹುಡುಕಿ. ಅದಾದ ಮೇಲೆ 'ಕ್ಯಾರಿಯೋನ್ ದ ವೆಸ್ಟ್‌ಮಿನ್‌ಸ್ಟರ್' ಕೇಳಿ. ಲಂಡನ್‌ನ ಗಡಿಯಾರದ ಗಂಟೆಯ ನಾಲ್ಕು ಸ್ವರಗಳು ನಿಮಗೆ ಈಗಾಗಲೇ ಗೊತ್ತು, ಅವು ಹೇಗೆ ಬೆಳೆಯುತ್ತವೆ ನೋಡಿ. ಆಮೇಲೆ ಮೊದಲ ಸಿಂಫನಿಯ ಕೊನೆಯ ಭಾಗ, ಆಮೇಲೆ ಮೂರನೆಯದು ಪೂರ್ತಿ. 1928ರ ಮುದ್ರಣಗಳೂ ಅಂತರ್ಜಾಲದಲ್ಲಿ ಸಿಗುತ್ತವೆ. ಒಂದೇ ಒಂದು ಕೋರಿಕೆ: ಫೋನಿನ ಸ್ಪೀಕರ್‌ನಲ್ಲಿ ಕೇಳಬೇಡಿ. ಅದರಲ್ಲಿ ಕಾಲಿನ ಸ್ವರಗಳು ಬರುವುದೇ ಇಲ್ಲ, ಅರ್ಧ ಸಂಗೀತ ಹೋಗಿಬಿಡುತ್ತದೆ. ಒಳ್ಳೆಯ ಹೆಡ್‌ಫೋನ್ ಇರಲಿ, ಇಲ್ಲಾಂದ್ರೆ ದೊಡ್ಡ ಸ್ಪೀಕರ್ ಇರುವ ಗೆಳೆಯರ ಮನೆಗೆ ಹೋಗಿ. ನಮಸ್ಕಾರ.